ಬೆಳ್ಗೊಳ ಯಾರ ಊರು?

ಶ್ರವಣಬೆಳ್ಗೊಳಕ್ಕೆ ಬರುವ ಯಾತ್ರಿಕರು ಬೆಟ್ಟವಿಳಿದು ಕಲ್ಯಾಣಿಯ ಬಳಿ ವಿಶ್ರಮಿಸುವಾಗ ಊರಿನವರನ್ನು ಕೇಳುವ ಪ್ರಶ್ನೆಯೊಂದುಂಟು: 'ಇಲ್ಲಿ ಜೈನರ ಮನೆಗಳು ಎಷ್ಟಿವೆ?' ಸಾವಿರ ವರ್ಷಗಳಿಂದ ಜೈನ ಲೋಕದ ಕಣ್ಮಣಿಯಾಗಿರುವ ಈ ಪುಟ್ಟ ಊರಿನಲ್ಲಿ ಜೈನರ ಮನೆಗಳೇ ಹೆಚ್ಚಾಗಿರಬೇಕೆಂಬುದು ಅವರ ಎಣಿಕೆ. ಜೈನರಿಗಿಂತ ಜೈನೇತರರೇ ಅಧಿಕವೆಂದು ತಿಳಿದಾಗ ಕೆಲವರಿಗೆ ಆಶ್ಚರ್ಯವಾಗುತ್ತದೆ, ಕೆಲವರಿಗೆ ಖೇದವಾಗುತ್ತದೆ. 'ಹಿಂದೆ ಇದು ಪೂರ್ತಿ ನಮ್ಮವರ ಊರಾಗಿತ್ತು. ಕಾಲಕ್ರಮೇಣ ಹೀಗಾಯಿತು' ಎಂಬ ಮಾತೂ ಕೇಳಿಬರುತ್ತದೆ.

ಈ ಮಾತು ಎಷ್ಟು ನಿಜ? ಬೆಳ್ಗೊಳವು ಎಂದಾದರೂ ಒಂದೇ ಸಮುದಾಯದ ಊರಾಗಿತ್ತೇ? ಇದನ್ನು ವಿಚಾರಿಸಲು ನಾವು ಊಹೆಯ ಮೊರೆಹೋಗಬೇಕಾಗಿಲ್ಲ. ತನ್ನ ಜನರ ಕಥೆಯನ್ನು ಬಂಡೆಗಳ ಮೇಲೆ ಇಷ್ಟು ವಿಸ್ತಾರವಾಗಿ ಬರೆದಿಟ್ಟುಕೊಂಡಿರುವ ಸಣ್ಣ ಊರುಗಳು ನಮ್ಮ ದೇಶದಲ್ಲಿ ವಿರಳ. 1889ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿನ ಶಾಸನಗಳ ಸಂಪುಟವನ್ನು ಮೊದಲು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ ಬೆಳೆಸಿದರು. 1973ರ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟದಲ್ಲಿ ಶಾಸನಗಳ ಸಂಖ್ಯೆ 573ಕ್ಕೇರಿತು. ಈ ಶಿಲಾಲೇಖಗಳೇ ನಮ್ಮ ಪ್ರಶ್ನೆಗೆ ಸಾಕ್ಷಿಗಳು. ಅವು ಕೊಡುವ ಉತ್ತರ ನಮ್ಮ ಅಭಿಮಾನಕ್ಕೆ ಒಪ್ಪುವಂತಿರಲಿ, ಇಲ್ಲದಿರಲಿ, ಸತ್ಯವ್ರತಿಗಳಾದ ನಾವು ಅದನ್ನು ಕೇಳಲೇಬೇಕು.

ಬಂದವರಿಂದ ಆದ ಊರು

ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಬಳಿ ಬಂಡೆಯ ಮೇಲಿರುವ ಶಾಸನವು ಸುಮಾರು ಕ್ರಿ.ಶ. 600ರದು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ನುಡಿದುದು, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುದು, ಪ್ರಭಾಚಂದ್ರರು ಕಟವಪ್ರ ಗಿರಿಯಲ್ಲಿ ನಿಂತು ಸಮಾಧಿಯನ್ನು ಸಾಧಿಸಿದುದು ಅದರಲ್ಲಿ ಉಕ್ತವಾಗಿವೆ. ಈ ಪರಂಪರೆಯ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಒಂದು ಸಂಗತಿ ಗಮನಾರ್ಹ. ಬೆಳ್ಗೊಳದ ಅತಿ ಪ್ರಾಚೀನ ಲೇಖವು ತನ್ನ ಜನರನ್ನು ಈ ಮಣ್ಣಿನಲ್ಲೇ ಹುಟ್ಟಿದವರೆಂದು ಹೇಳಿಕೊಳ್ಳುವುದಿಲ್ಲ. ಬರದ ನಾಡಿನಿಂದ ಆಶ್ರಯವನ್ನರಸಿ ಬಂದವರೆಂದು ಹೇಳುತ್ತದೆ. ಬಂದವರಿಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟ ಸ್ಥಳೀಯರು ಯಾರು? ಶಾಸನದಲ್ಲಿ ಅವರ ಹೆಸರಿಲ್ಲ. ಅವರಿಲ್ಲದೆ ಈ ಕ್ಷೇತ್ರವೂ ಇಲ್ಲ.

ಏಳನೆಯ ಶತಮಾನದ ನಿಸಿದಿ ಲೇಖಗಳಲ್ಲಿ ಕಿತ್ತೂರು, ನವಿಲೂರು, ಕೊಳತ್ತೂರು ಸಂಘಗಳ ಮುನಿಗಳ ಹೆಸರುಗಳು ದೊರೆಯುತ್ತವೆ. ಬೇರೆ ಬೇರೆ ಸೀಮೆಗಳಿಂದ ಬಂದು ಇಲ್ಲಿ ದೇಹತ್ಯಾಗ ಮಾಡಿದ ಮುನಿಗಳು, ಆರ್ಯಿಕೆಯರು, ಶ್ರಾವಕರು ಅನೇಕರು. 982ರಲ್ಲಿ ರಾಷ್ಟ್ರಕೂಟ ವಂಶದ ನಾಲ್ಕನೆಯ ಇಂದ್ರನು ರಾಜ್ಯವನ್ನು ಕಳೆದುಕೊಂಡು ಇಲ್ಲಿಗೆ ಬಂದು ಸಲ್ಲೇಖನದಿಂದ ಮುಡಿಪಿದನು. ಚಕ್ರವರ್ತಿಯ ಮನೆತನದವನಿಗೂ ಹೆಸರಿಲ್ಲದ ಶ್ರಾವಕಿಗೂ ಒಂದೇ ಬಂಡೆ ಸ್ಥಳವನ್ನು ಕೊಟ್ಟಿತು.

ಪಾದದ ಬಳಿಯ ಮೂರು ನುಡಿಗಳು

ದೊಡ್ಡಬೆಟ್ಟದ ಮೇಲೆ ಗಂಗರ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ ಗೊಮ್ಮಟೇಶ್ವರನ ಪಾದಗಳ ಇಕ್ಕೆಲದಲ್ಲಿ ಚಿಕ್ಕ ಚಿಕ್ಕ ಲೇಖಗಳಿವೆ. ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂಬ ಒಂದೇ ಸಂಗತಿಯನ್ನು ಅವು ಕನ್ನಡದಲ್ಲಿಯೂ, ತಮಿಳಿನಲ್ಲಿಯೂ, ಸಾಮಾನ್ಯವಾಗಿ ಮರಾಠಿಯೆಂದು ಗುರುತಿಸಲಾಗುವ ಭಾಷೆಯಲ್ಲಿ ನಾಗರಿ ಲಿಪಿಯಿಂದಲೂ ಹೇಳುತ್ತವೆ. ಮುಂದೆ ಹೊಯ್ಸಳರ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದಾಗಲೂ ಆ ಸಂಗತಿಯನ್ನು ಕನ್ನಡದೊಡನೆ ಮರಾಠಿಯಲ್ಲಿಯೂ ಬರೆಯಿಸಲಾಯಿತು.

ಓದುವವರು ಬರುತ್ತಿದ್ದುದರಿಂದಲೇ ಬರೆದರು. ತಮಿಳು ನಾಡಿನಿಂದಲೂ ಮರಾಠಿ ಸೀಮೆಯಿಂದಲೂ ಬರುವವರನ್ನು ಅವರವರ ನುಡಿಯಲ್ಲಿಯೇ ಮಾತನಾಡಿಸಬೇಕೆಂಬ ಔಚಿತ್ಯಪ್ರಜ್ಞೆ ಈ ಲೇಖಗಳಲ್ಲಿದೆ. ಕನ್ನಡದ ನೆಲದಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನವೂ ಸಂದಿತು, ಬಂದವರಿಗೆ ಸಲ್ಲಬೇಕಾದ ಗೌರವವೂ ಸಂದಿತು. ನಂತರದ ಶತಮಾನಗಳಲ್ಲಿ ಉತ್ತರ ಭಾರತದ ಯಾತ್ರಿಕರು ಮಾರವಾಡಿ ಭಾಷೆಯಲ್ಲಿ, ಮಹಾಜನಿ ಮತ್ತು ನಾಗರಿ ಲಿಪಿಗಳಲ್ಲಿ ತಮ್ಮ ಯಾತ್ರೆಯನ್ನು ಇದೇ ಬೆಟ್ಟದ ಮೇಲೆ ಬರೆಯಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳು ಜೈನರು ಮಠಕ್ಕೆ ಅರ್ಪಿಸಿದ ಲೋಹದ ಜಿನಬಿಂಬಗಳ ಪೀಠಗಳಲ್ಲಿ ಗ್ರಂಥ ಲಿಪಿಯ ಲೇಖಗಳಿವೆ. ಜೈನರೆಂಬ ಒಂದೇ ಹೆಸರಿನೊಳಗೆ ಇಷ್ಟು ನುಡಿಗಳು, ಇಷ್ಟು ನಾಡುಗಳು ಸೇರಿದ್ದವು ಎಂಬುದನ್ನು ನಾವು ಮರೆಯಬಾರದು.

ಒಂದೇ ಮನೆಯೊಳಗೆ ಎರಡು ಸಮಯಗಳು

ಹೊಯ್ಸಳರ ಕಾಲ ಬೆಳ್ಗೊಳದ ಉಚ್ಛ್ರಾಯ ಕಾಲ. ಆ ಕಾಲದ ಕೊಡುಗೈ ದಾನಿಗಳ ಮನೆತನಗಳನ್ನು ಪರಿಶೀಲಿಸಿದರೆ ವಿಸ್ಮಯವಾಗುತ್ತದೆ.

ಚಂದ್ರಗಿರಿಯ ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲದೇವಿ. ಆಕೆಯ ತಾಯಿ ಮಾಚಿಕಬ್ಬೆ ಪರಮ ಜಿನಭಕ್ತೆ, ತಂದೆ ಮಾರಸಿಂಗಯ್ಯನು ಶಿವಭಕ್ತ. ಪತಿಯು ಬೇಲೂರಿನಲ್ಲಿ ವಿಷ್ಣುವಿಗೆ ದೇಗುಲವನ್ನು ಕಟ್ಟಿಸಿದವನು. ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ಮರಣ ಹೊಂದಿದಳು. ಮಗಳನ್ನು ಕಳೆದುಕೊಂಡ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದು ಸಲ್ಲೇಖನವ್ರತವನ್ನು ಕೈಗೊಂಡು ದೇಹವನ್ನು ತ್ಯಜಿಸಿದಳು. ಒಂದೇ ಸಂಸಾರದಲ್ಲಿ ಮೂರು ದೇವರ ಹೆಸರುಗಳು ಉಚ್ಚರಿಸಲ್ಪಡುತ್ತಿದ್ದವು.

ಊರೊಳಗಿನ ಅಕ್ಕನ ಬಸದಿಯ ಕಥೆಯೂ ಇದೇ ಬಗೆಯದು. 1181ರಲ್ಲಿ ಅದನ್ನು ಕಟ್ಟಿಸಿದ ಆಚಿಯಕ್ಕನು ಶ್ರಾವಕಿ. ಆಕೆಯ ಪತಿ ಚಂದ್ರಮೌಳಿಯು ವೀರಬಲ್ಲಾಳನ ಮಂತ್ರಿ, ಬ್ರಾಹ್ಮಣ, ಶಿವಭಕ್ತ. ಬಸದಿಯ ಪೂಜೆಗಾಗಿ ಬಮ್ಮೆಯನಹಳ್ಳಿಯನ್ನು ದತ್ತಿಯಾಗಿ ಕೊಡಬೇಕೆಂದು ಅರಸನಲ್ಲಿ ಬಿನ್ನವಿಸಿಕೊಂಡವನು ಈ ಚಂದ್ರಮೌಳಿಯೇ. ಹೆಂಡತಿಯ ಧರ್ಮವನ್ನು ಆತನು ಸಹಿಸಿದನೆಂದರೆ ಸಾಲದು. ಅದು ನಿಲ್ಲುವಂತೆ ತಾನೇ ಮುಂದೆ ನಿಂತನು. ತನ್ನ ಶ್ರದ್ಧೆಯನ್ನು ಬಿಡದೆ ಮತ್ತೊಬ್ಬರ ಶ್ರದ್ಧೆಗೆ ನೆರವಾಗುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಯಾವುದು?

ಊರಿನ ಅತ್ಯಂತ ದೊಡ್ಡ ಬಸದಿಯಾದ ಭಂಡಾರಿ ಬಸದಿಯನ್ನು ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದನು. 1195ರಲ್ಲಿ ಮಂತ್ರಿ ನಾಗದೇವನು ಕಟ್ಟಿಸಿದ ನಗರ ಜಿನಾಲಯದ ಪಾಲನೆಯು ಬೆಳ್ಗೊಳದ ವರ್ತಕ ಸಮೂಹದ ಹೊಣೆಯಾಯಿತು. ಸುಮಾರು 1325ರಲ್ಲಿ ಮಂಗಾಯಿ ಬಸದಿಯನ್ನು ಕಟ್ಟಿಸಿದವಳು ಬೆಳ್ಗೊಳದವಳೇ ಆದ ಮಂಗಾಯಿ; ರಾಜನರ್ತಕಿಯರಲ್ಲಿ ಶಿರೋಮಣಿಯೆನಿಸಿಕೊಂಡವಳು, ಅಭಿನವ ಚಾರುಕೀರ್ತಿ ಪಂಡಿತಾಚಾರ್ಯರ ಶಿಷ್ಯೆ. ರಾಣಿ, ಮಂತ್ರಿಯ ಮಡದಿ, ಭಂಡಾರಿ, ವರ್ತಕರು, ನರ್ತಕಿ: ಇಷ್ಟು ಬಗೆಯ ಜನರು ಸೇರಿ ಈ ಊರನ್ನು ಕಟ್ಟಿದರು. ಕುಲವನ್ನು ಕೇಳಿ ದಾನವನ್ನು ತಿರಸ್ಕರಿಸಿದ್ದರೆ ಈ ಬಸದಿಗಳಲ್ಲಿ ಕೆಲವು ಇಂದು ಇರುತ್ತಿರಲಿಲ್ಲ.

ಕೈಯಲ್ಲಿ ಕೈಯಿಟ್ಟ ದಿನ

ಹೀಗೆಂದ ಮಾತ್ರಕ್ಕೆ ಎಲ್ಲವೂ ಸದಾ ಸೌಹಾರ್ದವೇ ಆಗಿತ್ತೆಂದು ಭಾವಿಸಬಾರದು. ಭಂಡಾರಿ ಬಸದಿಯ ಆವರಣದಲ್ಲಿರುವ 1368ರ ಶಾಸನವು ಒಂದು ಜಗಳದ ಫಲ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿಕೊಂಡರು. ಬಸದಿಗಳಿಗೆ ಸಲ್ಲುತ್ತಿದ್ದ ಪಂಚಮಹಾವಾದ್ಯಗಳು ಮತ್ತು ಕಲಶದ ಮರ್ಯಾದೆ ಈ ವಿವಾದದಲ್ಲಿ ಸೇರಿದ್ದವು. ಅರಸನು ಉಭಯ ಪಕ್ಷದವರನ್ನೂ ಕರೆಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನ ದರ್ಶನಕ್ಕೆ ಪೂರ್ವದ ಮರ್ಯಾದೆಗಳು ಸಲ್ಲತಕ್ಕವೆಂದೂ, ಜೈನರಿಗೆ ವೈಷ್ಣವರಿಂದ ಹಾನಿಯಾದರೆ ಅದನ್ನು ವೈಷ್ಣವರು ತಮಗಾದ ಹಾನಿಯೆಂದೇ ತಿಳಿಯತಕ್ಕದ್ದೆಂದೂ ವಿಧಿಸಿದನು.

ಆ ದಿನ ವೈಷ್ಣವ ಪಕ್ಷದಲ್ಲಿ ನೆರೆದಿದ್ದವರು ಯಾರು ಯಾರು? ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಹೆಸರುಗಳ ಜೊತೆಯಲ್ಲಿಯೇ ದೇವಾಲಯದ ನಾನಾ ಊಳಿಗಗಳವರನ್ನು ಶಾಸನವು ಎಣಿಸುತ್ತದೆ. ತಿರುಕುಲ, ಜಾಂಬವಕುಲಗಳೆಂದು, ಅಂದರೆ ಮುಂದೆ ಸಮಾಜವು ಅಸ್ಪೃಶ್ಯರೆಂದು ದೂರವಿರಿಸಿದ ಸಮುದಾಯಗಳನ್ನೂ ಹೆಸರಿಸುತ್ತದೆ. ಒಪ್ಪಂದವು ಪೀಠಾಧಿಪತಿಗಳ ನಡುವೆ ಮಾತ್ರ ಆದದ್ದಲ್ಲ. ನಾಡಿನ ಎಲ್ಲ ಕುಲಗಳೂ ಅದಕ್ಕೆ ಬದ್ಧರಾಗಬೇಕಾಗಿತ್ತು.

ಒಪ್ಪಂದದ ಏರ್ಪಾಡು ಇನ್ನೂ ಅರ್ಥಗರ್ಭಿತವಾದದ್ದು. ರಾಜ್ಯದ ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ಹಣದಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಉಳಿದುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು. ಹಣ ಜೈನರದು, ನಿರ್ವಹಣೆ ವೈಷ್ಣವನದು, ರಕ್ಷಣೆ ಬಾಹುಬಲಿಗೆ! ಕಲ್ಲೆಹದ ಬುಸುವಿಸೆಟ್ಟಿಯು ಈ ಕಾರ್ಯದಲ್ಲಿ ಮುಂದಾಗಿ ನಿಂತುದಕ್ಕೆ ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪದವಿಯನ್ನು ಕೊಟ್ಟರೆಂದು ಶಾಸನದ ಕೊನೆಯಲ್ಲಿದೆ.

ಈ ಶಾಸನವನ್ನು ನಾವು ಭಾಷಣಗಳಲ್ಲಿ ಸ್ಮರಿಸುತ್ತೇವೆ. ಆದರೆ ಅದರ ತಿರುಳನ್ನು ಗ್ರಹಿಸಿದ್ದೇವೆಯೆ? ಅಲ್ಪಸಂಖ್ಯಾತರಾಗಿದ್ದವರು ಧೈರ್ಯದಿಂದ ನ್ಯಾಯವನ್ನು ಕೇಳಿದರು. ನ್ಯಾಯ ದೊರೆತ ಮೇಲೆ ತಮ್ಮ ಆರಾಧ್ಯ ಮೂರ್ತಿಯ ರಕ್ಷಣೆಯನ್ನು ನಿನ್ನೆಯವರೆಗೆ ಎದುರಾಳಿಗಳಾಗಿದ್ದವರ ಕೈಗೆ ಒಪ್ಪಿಸಿದರು. ಕೇಳುವುದಕ್ಕೆ ಎಷ್ಟು ಧೈರ್ಯ ಬೇಕೋ ಒಪ್ಪಿಸುವುದಕ್ಕೂ ಅಷ್ಟೇ ಧೈರ್ಯ ಬೇಕು. ಹಕ್ಕನ್ನು ಕೇಳುವುದಕ್ಕೂ ನೆರೆಯವರನ್ನು ನಂಬುವುದಕ್ಕೂ ವಿರೋಧವಿಲ್ಲವೆಂಬುದೇ ಈ ಶಿಲಾಲೇಖದ ಪಾಠ.

ಅಡವಿಟ್ಟ ದತ್ತಿಗಳು

ನಮ್ಮವರಿಂದಲೇ ಆಗುವ ಹಾನಿಯ ಬಗ್ಗೆ ಎಚ್ಚರಿಸುವ ಶಾಸನವೂ ಇಲ್ಲಿದೆ. ಕಾಲಾನಂತರದಲ್ಲಿ ಬೆಳ್ಗೊಳದ ಸ್ಥಾನಿಕರು ದೇವರ ದತ್ತಿಯ ಭೂಮಿಗಳನ್ನು ವರ್ತಕರಲ್ಲಿ ಅಡವಿಟ್ಟಿದ್ದರು. ಅನುಭೋಗವು ಅಡವು ಹಿಡಿದವರ ವಶದಲ್ಲಿತ್ತು. 1634ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಈ ಸಂಗತಿಯನ್ನು ವಿಚಾರಿಸಿ, ಅಡವು ಹಿಡಿದವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ಆ ವರ್ತಕರು ಹಣವನ್ನು ಪಡೆಯದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಮುಂದೆ ದೇವರ ದತ್ತಿಯನ್ನು ಅಡವಿಡುವುದನ್ನೂ ಹಿಡಿಯುವುದನ್ನೂ ಅರಸರು ನಿಷೇಧಿಸಿದರು.

ಈ ಪ್ರಸಂಗದಲ್ಲಿ ದತ್ತಿಯನ್ನು ಕೈಬಿಟ್ಟವರು ದೇವರ ಸೇವೆಯ ಹೊಣೆ ಹೊತ್ತ ಸ್ಥಾನಿಕರೇ. ಅದನ್ನು ಉಳಿಸಿದವರು ಜೈನರಲ್ಲದ ಅರಸರು. ಊರ ನಡುವಿನ ಕಲ್ಯಾಣಿಯೂ ಮೈಸೂರು ಅರಸರ ಕೊಡುಗೆಯೇ; ಚಿಕ್ಕದೇವರಾಜ ಒಡೆಯರ ಹೆಸರಿನೊಡನೆ ಅದು ಸೇರಿಕೊಂಡಿದೆ. 'ನಮ್ಮವರು', 'ಪರರು' ಎಂಬ ಎಣಿಕೆಯಿಂದ ಧರ್ಮದ ರಕ್ಷಕರನ್ನು ಗುರುತಿಸಲು ಹೊರಟರೆ ತಪ್ಪುತ್ತೇವೆಂಬುದಕ್ಕೆ ಇದು ನಿದರ್ಶನ. ಬಸದಿಗಳ ಆಡಳಿತ ಮಂಡಳಿಗಳ ಸದಸ್ಯರು ಈ ಶಾಸನವನ್ನು ಒಮ್ಮೆಯಾದರೂ ಓದಿಕೊಳ್ಳುವುದು ಲೇಸು.

ಹೆಸರಿಲ್ಲದವರು

ಶಾಸನಗಳು ಭೂಮಿಯನ್ನು ಕೊಟ್ಟವರ ಹೆಸರುಗಳನ್ನು ಹೇಳುತ್ತವೆ. ಆ ಭೂಮಿಯನ್ನು ಉತ್ತವರ ಹೆಸರುಗಳನ್ನು ಹೇಳುವುದಿಲ್ಲ. ಕೆರೆಯನ್ನು ಕಟ್ಟಿಸಿದವರನ್ನು ಕೊಂಡಾಡುತ್ತವೆ. ಮಣ್ಣು ಹೊತ್ತವರನ್ನು ಸ್ಮರಿಸುವುದಿಲ್ಲ. ಐವತ್ತೆಂಟು ಅಡಿಗಳ ಮೂರ್ತಿಯನ್ನು ಮಾಡಿಸಿದವನ ಹೆಸರು ಮೂರು ಭಾಷೆಗಳಲ್ಲಿದೆ. ಬಂಡೆಯಿಂದ ಆ ಮಂದಹಾಸವನ್ನು ಬಿಡಿಸಿದ ಶಿಲ್ಪಿಯ ಹೆಸರು ಒಂದರಲ್ಲಿಯೂ ಇಲ್ಲ. ಅಭಿಷೇಕದ ಹಾಲಿಗೂ ಪೂಜೆಯ ಹೂಮಾಲೆಗಳಿಗೂ ಗದ್ಯಾಣಗಳನ್ನು ಇಟ್ಟು ಅದರ ಬಡ್ಡಿಯಿಂದ ನಿತ್ಯಸೇವೆ ನಡೆಯುವಂತೆ ಮಾಡಿದ ಭಕ್ತರ ದಾಖಲೆಗಳಿವೆ. ಹಾಲನ್ನು ಅಳೆದುಕೊಟ್ಟ ಗೊಲ್ಲನ, ಮಾಲೆಯನ್ನು ಕಟ್ಟಿದ ಮಾಲೆಗಾರನ ಮನೆಯ ಕಥೆ ನಮಗೆ ತಿಳಿಯದು.

ಗುಳ್ಳಕಾಯಜ್ಜಿಯ ಐತಿಹ್ಯವು ಈ ಕೊರತೆಯನ್ನು ತುಂಬಲೆಂದೇ ಹುಟ್ಟಿತೋ ಏನೋ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗಿಳಿಯಲಿಲ್ಲ, ಬಡ ಮುದುಕಿಯ ಗುಳ್ಳಕಾಯಿಯಷ್ಟು ಹಾಲು ಪಾದದವರೆಗೆ ಹರಿಯಿತು ಎಂಬ ಕಥೆಯನ್ನು ಮಕ್ಕಳಿಗೆಲ್ಲ ಹೇಳುತ್ತೇವೆ. ಆ ಅಜ್ಜಿಯ ಕುಲ ಯಾವುದೆಂದು ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಕಥೆಯಲ್ಲಿ ಕೇಳದವರು ಊರಿನಲ್ಲಿ ಏಕೆ ಕೇಳಬೇಕು?

ಇಂದಿಗೂ ಸ್ಥಿತಿ ಬೇರೆಯಲ್ಲ. ಸುತ್ತಲಿನ ಗ್ರಾಮಗಳಲ್ಲಿ ಒಕ್ಕಲಿಗರೇ ಮೊದಲಾದ ಬೇಸಾಯಗಾರರು ಹೆಚ್ಚು. ಊರಿನ ಅಂಗಡಿಗಳು, ಹೋಟೆಲುಗಳು, ಬೆಟ್ಟದ ಮೇಲೆ ವೃದ್ಧ ಯಾತ್ರಿಕರನ್ನು ಹೊತ್ತೊಯ್ಯುವ ಡೋಲಿಗಳು, ಬಸದಿಗಳ ಅಂಗಳದ ಕಸಗುಡಿಸುವಿಕೆ: ಇವೆಲ್ಲ ನಾನಾ ಕುಲಗಳವರ ದುಡಿಮೆಯಿಂದ ನಡೆಯುತ್ತವೆ. ಜೈನರೊಳಗೂ ವೈವಿಧ್ಯ ಕಡಿಮೆಯೇನಲ್ಲ. ಪೂಜಾವೃತ್ತಿಯ ಮನೆತನಗಳು, ಪಂಚಮರು, ಚತುರ್ಥರು, ಬೋಗಾರರು, ಸಾದರು ಎಂದು ನಾಡಿನ ದಿಗಂಬರ ಜೈನರಲ್ಲಿಯೇ ಪಂಗಡಗಳಿವೆ. ವ್ಯಾಪಾರಕ್ಕಾಗಿ ಬಂದು ಕನ್ನಡ ನಾಡಿನಲ್ಲಿ ನೆಲೆಸಿದ ಉತ್ತರದ ಜೈನರಿದ್ದಾರೆ. ಈ ಪಂಗಡಗಳ ನಡುವೆ ಕೊಡುಕೊಳ್ಳುವಿಕೆಗೆ ಅಡ್ಡಿಗಳನ್ನಿಟ್ಟುಕೊಂಡು 'ಊರು ನಮ್ಮದು' ಎಂದು ಹೇಳುವಾಗ ಆ 'ನಾವು' ಯಾರೆಂಬ ಪ್ರಶ್ನೆ ಏಳದಿರದು.

ಎಣಿಕೆಯಾಚೆಗೆ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ರಾಜ್ಯದ ಜನಸಂಖ್ಯೆಯಲ್ಲಿ ಶೇಕಡ ಒಂದಕ್ಕೂ ಕಡಿಮೆ. 2014ರಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಕಾನೂನು ಕೊಟ್ಟ ರಕ್ಷಣೆಯನ್ನು ಪಡೆಯುವುದು ನ್ಯಾಯವೇ. 1368ರಲ್ಲಿ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಆದರೆ ಸಂಖ್ಯೆ ಕಡಿಮೆಯಾಗಿದೆಯೆಂಬ ಅಳುಕಿನಿಂದ ಮನಸ್ಸು ಕಿರಿದಾಗಬಾರದು. ಊರಿನಲ್ಲಿ ನಮ್ಮ ಮನೆಗಳು ಕಡಿಮೆಯೆಂದು ಕೊರಗುವುದಕ್ಕಿಂತ, ಅಷ್ಟು ಕಡಿಮೆ ಮನೆಗಳಿದ್ದೂ ಸಾವಿರ ವರ್ಷ ಈ ಕ್ಷೇತ್ರವು ಹೇಗೆ ಉಳಿಯಿತೆಂದು ಕೇಳಿಕೊಳ್ಳುವುದು ವಿವೇಕ. ಉತ್ತರ ಸ್ಪಷ್ಟವಾಗಿದೆ. ನೆರೆಯವರು ಉಳಿಯಗೊಟ್ಟರು, ಉಳಿಸಿದರು.

ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಮನುಷ್ಯರೆಲ್ಲರದೂ ಒಂದೇ ಜಾತಿಯೆಂದೂ, ಭೇದಗಳು ಜೀವನವೃತ್ತಿಯಿಂದ ಬಂದವೆಂದೂ ಪ್ರತಿಪಾದಿಸಿದರು. 941ರಲ್ಲಿ ಪಂಪನು ತನ್ನ ಆದಿಪುರಾಣದಲ್ಲಿ ಆ ವಿಚಾರಕ್ಕೆ ಕನ್ನಡದ ರೂಪವನ್ನು ಕೊಟ್ಟನು. ಅನೇಕಾಂತವನ್ನು ನಾವು ತರ್ಕಶಾಸ್ತ್ರದ ಸಿದ್ಧಾಂತವೆಂದು ಮಾತ್ರ ತಿಳಿದಿದ್ದೇವೆ. ಒಂದು ವಸ್ತುವಿಗೆ ಅನೇಕ ಧರ್ಮಗಳಿರುವಂತೆ ಒಂದು ಊರಿಗೂ ಅನೇಕ ಮುಖಗಳಿರುತ್ತವೆ. ಯಾತ್ರಿಕನಿಗೆ ಬೆಳ್ಗೊಳವು ತೀರ್ಥ, ರೈತನಿಗೆ ಸಂತೆಯ ಊರು, ಡೋಲಿ ಹೊರುವವನಿಗೆ ಅನ್ನದ ದಾರಿ, ಅಲ್ಲಿ ಹುಟ್ಟಿದ ಮುಸಲ್ಮಾನ ಬಾಲಕನಿಗೂ ಅದು ತವರೇ. ಇವುಗಳಲ್ಲಿ ಒಂದೇ ಸತ್ಯ, ಉಳಿದವು ಮಿಥ್ಯೆ ಎನ್ನುವುದು ಏಕಾಂತವಾದ. ಆ ವಾದವನ್ನು ನಮ್ಮ ಆಚಾರ್ಯರು ಶಾಸ್ತ್ರದಲ್ಲಿ ಖಂಡಿಸಿದರು. ನಾವು ನಡೆಯಲ್ಲಿ ಖಂಡಿಸಬೇಕಾಗಿದೆ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ವಿನಂತಿಸಿಕೊಳ್ಳಬೇಕಾದದ್ದು ಇಷ್ಟು. ಜೀರ್ಣೋದ್ಧಾರದ ಶಿಲಾಫಲಕಗಳಲ್ಲಿ ದಾನಿಗಳ ಹೆಸರುಗಳ ಕೆಳಗೆ ಕೆಲಸ ಮಾಡಿದ ಶಿಲ್ಪಿಗಳ, ಗಾರೆಯವರ ಹೆಸರುಗಳಿಗೂ ಎರಡು ಸಾಲು ಮೀಸಲಾಗಿರಲಿ. ತಲೆಮಾರುಗಳಿಂದ ಬಸದಿಯ ಊಳಿಗದಲ್ಲಿರುವ ಜೈನೇತರ ಮನೆತನಗಳ ವಿವರಗಳನ್ನು ಹಿರಿಯರಿಂದ ಕೇಳಿ ಈಗಲೇ ಬರೆದಿಡಬೇಕು. ಆ ಹಿರಿಯರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಕುಟುಂಬಗಳು ಮಕ್ಕಳನ್ನು ಬೆಳ್ಗೊಳಕ್ಕೆ ಕರೆದೊಯ್ದಾಗ ಬೆಟ್ಟವನ್ನು ಹತ್ತಿಸಿ ಇಳಿಸಿದರೆ ಸಾಲದು. ಭಂಡಾರಿ ಬಸದಿಯ ಆ ಶಾಸನದ ಮುಂದೆ ನಿಲ್ಲಿಸಿ, ಯಾರ ಕೈ ಯಾರ ಕೈಯಲ್ಲಿ ಇಡಲ್ಪಟ್ಟಿತೆಂಬುದನ್ನು ಹೇಳಬೇಕು.

ಬೆಳ್ಗೊಳ ಯಾರ ಊರು? ಬರಗಾಲದಲ್ಲಿ ಬಂದವರದೂ ಹೌದು, ಅವರಿಗೆ ಇಂಬುಕೊಟ್ಟವರದೂ ಹೌದು. ಬಾಹುಬಲಿಯು ಗೆದ್ದ ನೆಲವನ್ನೇ 'ನನ್ನದು' ಎನ್ನದೆ ಬಿಟ್ಟು ನಿಂತವನು. ಅವನ ಪಾದದಡಿಯ ಊರನ್ನು ನಮ್ಮದು ಮಾತ್ರವೆನ್ನುವುದು ಅವನ ಭಕ್ತರಿಗೆ ಒಪ್ಪುವ ಮಾತಲ್ಲ.